ಮನೆಮಂದಿಯೆಲ್ಲ ಹಡಗು ಹತ್ತುವ ಮುನ್ನ: ಶಿವಮೊಗ್ಗ ಸೀಮೆಯಿಂದ ಪಾಸ್‌ಪೋರ್ಟ್ ಮಾಡಿಸುವ ಬಗೆ

ಒಂದೇ ಮನೆಯ ಐದು ಜನರ ಕಾಗದಪತ್ರಗಳನ್ನು ಜಗಲಿಯ ಮೇಲೆ ಸಾಲಾಗಿ ಹರಡಿ ನೋಡಿ. ಅಪ್ಪನ ಆಧಾರ್‌ನಲ್ಲಿ ‘ರಮೇಶ್ ಎಚ್. ಎಸ್.’ ಎಂದಿದೆ. ಅಮ್ಮ ಆಧಾರ್‌ನಲ್ಲಿ ‘ಸುಮಾ ರಮೇಶ್’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುಮಾ ಕೆ. ವಿ.’ ಮಗನ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ‘ರಮೇಶ ಹೆಗಡೆ’. ಅಜ್ಜಿಯ ಕಾರ್ಡಿನಲ್ಲಿ ಹುಟ್ಟಿದ ತಾರೀಕೇ ಇಲ್ಲ, ಬರೀ ಇಸವಿ. ಊರಿನಲ್ಲಿ ಇದರಿಂದ ಯಾರಿಗೂ ಏನೂ ಕೊರತೆಯಾಗಿಲ್ಲ. ಸೊಸೈಟಿಯಲ್ಲಿ ಸಾಲ ಸಿಕ್ಕಿದೆ, ಮಂಡಿಯಲ್ಲಿ ಅಡಿಕೆ ಪಟ್ಟಿ ಆಗಿದೆ, ಪಹಣಿಯೂ ಬಂದಿದೆ. ಪಾಸ್‌ಪೋರ್ಟ್ ಅರ್ಜಿಯ ಪರದೆಯೆದುರು ಕೂತ ದಿನ ಮಾತ್ರ ಈ ಕಾಗದಗಳು ಒಂದರ ಮೇಲೊಂದು ಚಾಡಿ ಹೇಳಲು ಶುರುಮಾಡುತ್ತವೆ.

ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಹಡಗಿನ ಪ್ರವಾಸ ಹೋಗುವುದು ಈಗ ಹೊಸ ಸುದ್ದಿಯೇನಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸಾಗರ, ತೀರ್ಥಹಳ್ಳಿಯ ಕಡೆ ಮದುವೆಮನೆಯಲ್ಲೂ ಸಿಂಗಪುರದ ಹಡಗಿನ ಮಾತು ಬರುತ್ತದೆ. ಟಿಕೆಟ್ಟಿಗೆ ಮುಂಗಡ ಕೊಡುವುದು ಹತ್ತು ನಿಮಿಷದ ಕೆಲಸ. ಐದು ಪಾಸ್‌ಪೋರ್ಟ್ ಕೈಗೆ ಬರುವುದು ನಾಲ್ಕೈದು ತಿಂಗಳ ಕೆಲಸ, ಅದರಲ್ಲಿ ಸರ್ಕಾರಿ ಕಚೇರಿ ತೆಗೆದುಕೊಳ್ಳುವ ಪಾಲು ಚಿಕ್ಕದು. ಹೆಚ್ಚಿನ ಕಾಲ ಹೋಗುವುದು ನಮ್ಮ ಕಾಗದಗಳನ್ನು ಒಂದೇ ಮಾತಿಗೆ ತರುವುದರಲ್ಲಿ.

ಯಾವ ಹಡಗಿಗೆ ಪಾಸ್‌ಪೋರ್ಟ್ ಬೇಕು

ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ, ಲಕ್ಷದ್ವೀಪ ಸುತ್ತಿ ವಾಪಸಾಗುವ ಹಡಗು ದೇಶದೊಳಗಿನ ಪ್ರಯಾಣ. ಅದಕ್ಕೆ ಸರ್ಕಾರಿ ಗುರುತಿನ ಚೀಟಿ ಸಾಕು. ಲಕ್ಷದ್ವೀಪದಲ್ಲಿ ಇಳಿಯಲು ಪರವಾನಗಿ ಬೇಕು, ಅದು ಬೇರೆ ಮಾತು. ಅದೇ ಹಡಗು ಚೆನ್ನೈಯಿಂದ ಹೊರಟು ಶ್ರೀಲಂಕಾದ ಒಂದು ಬಂದರನ್ನು ಮುಟ್ಟಿ ಬಂದರೂ ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಪ್ರತಿಯೊಬ್ಬರಿಗೂ ಪಾಸ್‌ಪೋರ್ಟ್ ಬೇಕು. ತಾಯಿಯ ಪಾಸ್‌ಪೋರ್ಟಿನಲ್ಲೇ ಮಗುವಿನ ಹೆಸರು ಸೇರಿಸುತ್ತಿದ್ದ ಕಾಲ ಹೋಯಿತು.

ಯೂಟ್ಯೂಬಿನಲ್ಲಿ ‘ಹೊರಟ ಬಂದರಿಗೇ ವಾಪಸ್ ಬರುವ ಹಡಗಿಗೆ ಜನನ ಪ್ರಮಾಣಪತ್ರ ಸಾಕು’ ಎನ್ನುವ ವಿಡಿಯೊಗಳಿವೆ. ಅವು ಅಮೆರಿಕದ ಪ್ರಜೆಗಳು ಅಮೆರಿಕದ ಬಂದರಿನಿಂದ ಹೊರಡುವ ಪ್ರಯಾಣಕ್ಕೆ ಹೇಳಿದ ಮಾತು. ನಮಗೂ ಅದಕ್ಕೂ ಸಂಬಂಧವಿಲ್ಲ.

ಹಡಗು ಕಂಪನಿಗಳು ಸಾಮಾನ್ಯವಾಗಿ ಕೇಳುವುದು, ಪ್ರಯಾಣ ಮುಗಿಯುವ ದಿನದಿಂದ ಮುಂದಕ್ಕೆ ಕನಿಷ್ಠ 6 ತಿಂಗಳು ಪಾಸ್‌ಪೋರ್ಟಿಗೆ ಅವಧಿ ಉಳಿದಿರಬೇಕು ಎಂದು. ‘ನಮ್ಮದು ಮೊದಲೇ ಇದೆ’ ಎಂದು ನೆಮ್ಮದಿಯಿಂದಿರುವ ಮನೆಗಳು ಎಡವುವುದು ಇಲ್ಲೇ. ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ, ಮಕ್ಕಳದ್ದಕ್ಕೆ ಬರೀ 5 ವರ್ಷ. ಒಟ್ಟಿಗೇ ಮಾಡಿಸಿದ್ದರೂ ಮಕ್ಕಳದ್ದು ಮೊದಲು ಮುಗಿದಿರುತ್ತದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು, ಕೊನೆಯ ದಿನಕ್ಕೆ ಕಾಯಬೇಕಿಲ್ಲ.

ಹೆಸರಿನ ಗಂಟು

ಅರ್ಜಿಯಲ್ಲಿ ಹೆಸರಿಗೆ ಎರಡು ಖಾನೆ: ಗಿವನ್ ನೇಮ್, ಸರ್‌ನೇಮ್. ಇನಿಶಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ನಮ್ಮ ಕಡೆಯ ಹೆಸರುಗಳು ಈ ಎರಡು ಖಾನೆಗಾಗಿ ಹುಟ್ಟಿದವಲ್ಲ. ‘ಎಚ್. ಎಸ್.’ನಲ್ಲಿ ಎಚ್ ಎಂದರೆ ಊರು, ಎಸ್ ಎಂದರೆ ಅಪ್ಪ. ಹೆಗಡೆ, ಗೌಡ, ಭಟ್ಟ, ನಾಯ್ಕ, ಆಚಾರ್ ಇವೆಲ್ಲ ಊರಿನವರ ಬಾಯಲ್ಲಿವೆ, ಕಾಗದದಲ್ಲಿ ಕೆಲವರಿಗೆ ಮಾತ್ರ ಇವೆ.

ತುಂಬಾ ಜನ ಮಾಡುವ ಸುಲಭದ ಕೆಲಸವೆಂದರೆ ಸರ್‌ನೇಮ್ ಖಾನೆಯನ್ನು ಖಾಲಿ ಬಿಟ್ಟು ಇಡೀ ಹೆಸರನ್ನು ಗಿವನ್ ನೇಮ್‌ನಲ್ಲಿ ತುಂಬುವುದು. ಅರ್ಜಿ ಅದನ್ನು ಒಪ್ಪುತ್ತದೆ, ಪಾಸ್‌ಪೋರ್ಟೂ ಬರುತ್ತದೆ. ತೊಂದರೆ ಆಮೇಲೆ. ವಿಮಾನದ ಟಿಕೆಟ್ ಸಾಫ್ಟ್‌ವೇರ್ ಖಾಲಿ ಸರ್‌ನೇಮನ್ನು ಒಪ್ಪದೆ ಅದೇ ಹೆಸರನ್ನು ಎರಡು ಸಲ ಅಚ್ಚು ಹಾಕುತ್ತದೆ, ಹಡಗಿನ ಬುಕಿಂಗ್ ಇನ್ನೊಂದು ಬಗೆಯಲ್ಲಿ ತೆಗೆದುಕೊಳ್ಳುತ್ತದೆ, ವೀಸಾ ಮೂರನೆಯ ಬಗೆ. ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದ ಮೇಲೆ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲೇ ಹೇಳಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತೆಂದು ಆಮೇಲೆ ಸಡಿಲಿಸಿತು. ದುಬೈಯಿಂದ ಹೊರಡುವ ಹಡಗಿನ ಯೋಚನೆ ಇದ್ದರೆ ಇಂಥ ಸಡಿಲಿಕೆಯನ್ನು ನಂಬಿ ಕೂರುವುದಕ್ಕಿಂತ ಎರಡೂ ಖಾನೆ ತುಂಬಿದ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದು ವಾಸಿ.

ಸರ್‌ನೇಮ್ ಏನಿಡಬೇಕು? ಅಂಕಪಟ್ಟಿಯಲ್ಲೋ ಪ್ಯಾನ್‌ನಲ್ಲೋ ಈಗಾಗಲೇ ಮನೆತನದ ಹೆಸರಿದ್ದರೆ ಅದು. ಇಲ್ಲದಿದ್ದರೆ ಅಪ್ಪನ ಹೆಸರು. ಊರಿನ ಹೆಸರನ್ನು ಸರ್‌ನೇಮ್ ಮಾಡಿಕೊಳ್ಳುವುದು ತಪ್ಪೇನಲ್ಲ, ಆದರೆ ಇಂಗ್ಲಿಷ್ ಕಾಗುಣಿತವನ್ನು ಬದುಕಿಡೀ ಒಂದೇ ಥರ ಹಿಡಿದಿಡಬೇಕಾಗುತ್ತದೆ. ತೀರ್ಥಹಳ್ಳಿಯ ಮೊದಲ ಅಕ್ಷರಕ್ಕೆ ಬರೀ ‘ಟಿ’ ಹಾಕುವವರೂ ಇದ್ದಾರೆ, ‘ಟಿಎಚ್’ ಹಾಕುವವರೂ ಇದ್ದಾರೆ. ಹೆಗಡೆ–ಹೆಗ್ಡೆ, ಭಟ್ಟ–ಭಟ್, ನಾಯ್ಕ–ನಾಯಕ ಇವೂ ಅದೇ ಜಾತಿಯ ತಾಪತ್ರಯ. ಅಪ್ಪನ ಪಾಸ್‌ಪೋರ್ಟಿನಲ್ಲಿ ಅವನ ಹೆಸರು ಹೇಗಿದೆಯೋ ಮಗನ ಪಾಸ್‌ಪೋರ್ಟಿನ ‘ತಂದೆಯ ಹೆಸರು’ ಖಾನೆಯಲ್ಲಿ ಅಕ್ಷರಕ್ಕೆ ಅಕ್ಷರ ಹಾಗೇ ಇರಬೇಕು. ಅದಕ್ಕೇ ಮೊದಲು ಅಪ್ಪ-ಅಮ್ಮನ ಹೆಸರು ತೀರ್ಮಾನವಾಗಲಿ, ಮಕ್ಕಳ ಅರ್ಜಿ ಆಮೇಲೆ ತುಂಬಿ.

ಇದಕ್ಕೆ ಒಂದೇ ಮದ್ದು. ಅರ್ಜಿ ಹಾಕುವುದಕ್ಕೆ ಮುಂಚೆ ಆಧಾರ್, ಪ್ಯಾನ್ ಎರಡನ್ನೂ ಇನಿಶಿಯಲ್ ಬಿಡಿಸಿದ ಪೂರ್ಣ ಹೆಸರಿಗೆ ತಿದ್ದಿಸಿ. ಅಂಕಪಟ್ಟಿಯನ್ನು ಮುಟ್ಟಬೇಡಿ, ಅದರ ತಿದ್ದುಪಡಿ ವರ್ಷದ ಕೆಲಸವಾದೀತು. ಅಂಕಪಟ್ಟಿಯ ‘ಎಚ್. ಎಸ್.’ ಬಿಡಿಸಿದರೆ ಆಧಾರ್‌ನ ಹೆಸರೇ ಬರುತ್ತದೆ ಎಂದು ತೋರಿದರೆ ಸಾಕಾಗುತ್ತದೆ.

ಹೆಂಗಸರು ಮದುವೆಯ ನಂತರ ಹೆಸರು ಬದಲಿಸಲೇಬೇಕೆಂಬ ಕಾನೂನು ಇಲ್ಲ. ‘ಸುಮಾ ಕೆ. ವಿ.’ ಹುಟ್ಟಿದ ಮನೆಯ ಹೆಸರಿನಲ್ಲೇ ಪಾಸ್‌ಪೋರ್ಟ್ ಮಾಡಿಸಬಹುದು, ಗಂಡನ ಹೆಸರಿಗೆ ಅರ್ಜಿಯಲ್ಲಿ ಪ್ರತ್ಯೇಕ ಖಾನೆ ಇದೆ. ಆದರೆ ಆಧಾರ್ ಒಂದು ಹೆಸರಿನಲ್ಲಿ, ಅಂಕಪಟ್ಟಿ ಇನ್ನೊಂದರಲ್ಲಿ ಇದ್ದರೆ ಒಂದನ್ನು ಆರಿಸಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಗಂಡನ ಮನೆತನದ ಹೆಸರಿಗೆ ಹೋಗುವುದಾದರೆ ನೋಂದಣಿಯಾದ ವಿವಾಹ ಪ್ರಮಾಣಪತ್ರ ಕೈಯಲ್ಲಿರಲಿ. ಛತ್ರದ ರಸೀದಿ, ಲಗ್ನಪತ್ರಿಕೆ ನಡೆಯುವುದಿಲ್ಲ.

ಹುಟ್ಟಿದ್ದು ಎಂದು, ಎಲ್ಲಿ

1960–70ರ ದಶಕದಲ್ಲಿ ಹುಟ್ಟಿದವರ ಕಾಗದ ನೋಡಿದರೆ ಅರ್ಧ ಊರು ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಜಾತಕದಲ್ಲಿ ಬೇರೆ ತಿಥಿ ಇರಲಿ, ಪಾಸ್‌ಪೋರ್ಟಿಗೆ ಬೇಕಾದ್ದು ಸರ್ಕಾರಿ ಕಾಗದದ ತಾರೀಕು. ಮೇಷ್ಟ್ರ ತಾರೀಕೇ ಆಧಾರ್, ಪ್ಯಾನ್, ಪಿಂಚಣಿ ಎಲ್ಲದರಲ್ಲೂ ಇದ್ದರೆ ಅದನ್ನೇ ಹಿಡಿಯಿರಿ. ‘ಈಗಲಾದರೂ ಸರಿಯಾದ್ದು ಇರಲಿ’ ಎಂದು ಜಾತಕದ ತಾರೀಕು ತುಂಬಿದರೆ ಹೊಸ ಗಂಟು ಬೀಳುತ್ತದೆ.

ಅಜ್ಜಿಯ ಆಧಾರ್‌ನಲ್ಲಿ ಬರೀ ಇಸವಿ ಇದ್ದರೆ ಮೊದಲು ಅದು ಸರಿಯಾಗಬೇಕು. ಆಕೆ ನಾಲ್ಕನೆಯ ಕ್ಲಾಸಿನವರೆಗಾದರೂ ಓದಿದ್ದರೆ ಆ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯಬಹುದು. ಮಲೆನಾಡಿನ ಹಳೆಯ ಶಾಲೆಗಳಲ್ಲಿ ದಾಖಲಾತಿ ಪುಸ್ತಕ ಗೆದ್ದಲಿನ ಪಾಲಾಗದೆ ಉಳಿದಿರುವುದು ಅಪರೂಪವೇನಲ್ಲ. ಆಧಾರ್‌ನ ಹುಟ್ಟಿದ ತಾರೀಕನ್ನು ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಆದ್ದರಿಂದ ಆ ಒಂದು ಸಲ ಸರಿಯಾಗಿ ತುಂಬಿಸಿ.

ಮಕ್ಕಳಿಗೆ ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಅದೊಂದೇ ದಾಖಲೆ, ಬೇರೆ ಯಾವುದೂ ನಡೆಯದು. 2025ರಲ್ಲಿ ಪಾಸ್‌ಪೋರ್ಟ್ ನಿಯಮ ತಿದ್ದಿ ಹೀಗೆ ಮಾಡಿದ್ದಾರೆ. ಅದಕ್ಕೂ ಮುಂಚೆ ಹುಟ್ಟಿದವರಿಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಇವುಗಳಲ್ಲಿ ಒಂದು ಸಾಕು. ಮಗುವಿನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇದೆಯೇ ಎಂದು ತೆಗೆದು ನೋಡಿ. ಹೆರಿಗೆಯಾದ ವಾರದಲ್ಲಿ, ನಾಮಕರಣಕ್ಕೆ ಮೊದಲೇ ನೋಂದಣಿಯಾದವುಗಳಲ್ಲಿ ಆ ಖಾನೆ ಖಾಲಿ ಇರುತ್ತದೆ. ಹುಟ್ಟು ನೋಂದಣಿಯಾದ ಕಚೇರಿಯಲ್ಲೇ ಹೆಸರು ಸೇರಿಸಬಹುದು: ಮೊದಲ 12 ತಿಂಗಳು ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ. ಹುಟ್ಟು ನೋಂದಣಿಯೇ ಆಗಿರದೆ ಒಂದು ವರ್ಷ ದಾಟಿದ್ದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ಅದಕ್ಕೆ ತಿಂಗಳುಗಳನ್ನೇ ಎತ್ತಿಡಬೇಕು.

ಹುಟ್ಟಿದ ಊರಿನ ಖಾನೆಯಲ್ಲಿ ‘ನಮ್ಮೂರು’ ಬರೆದುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲ ಬಾಣಂತನ ತವರಿನಲ್ಲಿ. ಅಪ್ಪನ ಮನೆ ಹೊಸನಗರದಲ್ಲಿದ್ದರೂ ಮಗು ಹುಟ್ಟಿದ್ದು ಮಣಿಪಾಲದಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಇರಬಹುದು. ಪ್ರಮಾಣಪತ್ರದಲ್ಲಿ ಇರುವುದೇ ಹುಟ್ಟಿದ ಊರು. ಮಣಿಪಾಲವಾದರೆ ಜಿಲ್ಲೆ ಉಡುಪಿ. ಶಿವಮೊಗ್ಗದ ಇಂಗ್ಲಿಷ್ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ ಹಳೆಯ ಕಾಗದದಲ್ಲಿ ‘ಶಿಮೊಗ’, ಹೊಸದರಲ್ಲಿ ‘ಶಿವಮೊಗ್ಗ’ ಕಂಡರೆ ಗಾಬರಿ ಬೇಡ. ಅದು ಸರ್ಕಾರವೇ ಮಾಡಿದ ಬದಲಾವಣೆ.

ವಿಳಾಸ, ಠಾಣೆ, ಮತ್ತು ತೋಟದ ಒಂಟಿಮನೆ

ಪೇಟೆಯ ಮನೆಗೆ ನಂಬರಿದೆ, ಅಡ್ಡರಸ್ತೆಯಿದೆ. ಘಟ್ಟದ ಸೆರಗಿನ ಮನೆಗೆ ಇರುವುದು ಮಜರೆಯ ಹೆಸರು, ಗ್ರಾಮದ ಹೆಸರು, ಅಂಚೆಯ ಹೆಸರು. ಎಷ್ಟೋ ಕಡೆ ಮೂರೂ ಬೇರೆ ಬೇರೆ. ಅರ್ಜಿಯಲ್ಲಿ ಮೂರನ್ನೂ ಬರೆಯಿರಿ. ಆಧಾರ್‌ನಲ್ಲಿ ಇರುವ ವಿಳಾಸವೇ ಅರ್ಜಿಯಲ್ಲೂ ಇರಲಿ. ವಿಳಾಸಕ್ಕೆ ಆಧಾರ್, ಮತದಾರರ ಗುರುತಿನ ಚೀಟಿ, ಕರೆಂಟ್ ಬಿಲ್ಲು, ಗ್ಯಾಸ್ ಸಂಪರ್ಕದ ಕಾಗದ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಆಗುತ್ತವೆ. ಬ್ಯಾಂಕ್ ಎಂದರೆ ರಾಷ್ಟ್ರೀಕೃತ, ಖಾಸಗಿ ಷೆಡ್ಯೂಲ್ಡ್ ಅಥವಾ ಗ್ರಾಮೀಣ ಬ್ಯಾಂಕ್. ಸೊಸೈಟಿಯ ಪಾಸ್‌ಬುಕ್ ಎಷ್ಟೇ ದಪ್ಪ ಇದ್ದರೂ ಲೆಕ್ಕಕ್ಕಿಲ್ಲ.

ಅರ್ಜಿಯಲ್ಲಿ ಪೊಲೀಸ್ ಠಾಣೆಯನ್ನು ನೀವೇ ಆರಿಸಬೇಕು. ಮಲೆನಾಡಿನ ಅರ್ಜಿಗಳು ವಾರಗಟ್ಟಲೆ ಅಲೆಯುವುದು ಈ ಒಂದು ಕ್ಲಿಕ್ಕಿನಿಂದ. ತೀರ್ಥಹಳ್ಳಿ ತಾಲ್ಲೂಕು ಎಂದ ಮಾತ್ರಕ್ಕೆ ತೀರ್ಥಹಳ್ಳಿ ಠಾಣೆಯಲ್ಲ. ಆಗುಂಬೆ, ಮಾಳೂರು ಠಾಣೆಗಳೂ ಇವೆ. ಹೊಸನಗರ ತಾಲ್ಲೂಕಿನವರಿಗೆ ನಗರ, ರಿಪ್ಪನ್‌ಪೇಟೆ. ಸಾಗರದವರಿಗೆ ಆನಂದಪುರ, ಕಾರ್ಗಲ್. ತಪ್ಪು ಠಾಣೆಗೆ ಹೋದ ಕಡತ ‘ನಮ್ಮ ವ್ಯಾಪ್ತಿಯಲ್ಲಿಲ್ಲ’ ಎಂಬ ಷರಾ ಹೊತ್ತು ವಾಪಸ್ ಹೋಗಿ ಮತ್ತೆ ಸರಿಯಾದ ಠಾಣೆಗೆ ಬರಬೇಕು. ನಿಮ್ಮ ಗ್ರಾಮ ಯಾವ ಠಾಣೆಗೆ ಸೇರಿದೆ ಎಂದು ಪಂಚಾಯಿತಿಯಲ್ಲೋ ಬೀಟ್ ಪೊಲೀಸರನ್ನೋ ಕೇಳಿ ತಿಳಿದುಕೊಂಡು ಆಮೇಲೆ ತುಂಬಿ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅರ್ಜಿಯಲ್ಲಿ ಊರಿನ ವಿಳಾಸ ಕೊಟ್ಟು, ಪೊಲೀಸರು ಬಂದ ದಿನ ಮನೆಯಲ್ಲಿಲ್ಲದಿದ್ದರೆ ವರದಿ ಪ್ರತಿಕೂಲವಾಗುತ್ತದೆ. ಈಗ ವಾಸವಿರುವ ವಿಳಾಸವನ್ನೇ ಕೊಡಬೇಕು. ಅಲ್ಲಿ ಒಂದು ವರ್ಷ ತುಂಬಿಲ್ಲದಿದ್ದರೆ ಹಿಂದಿನ ವಿಳಾಸವನ್ನೂ ಬರೆಯಬೇಕು, ಆಗ ಎರಡೂ ಕಡೆ ವಿಚಾರಣೆಯಾಗಬಹುದು. ಪೊಲೀಸರು ಬರುವ ಮುಂಚೆ ಫೋನ್ ಮಾಡುತ್ತಾರೆ. ಅರ್ಜಿಯಲ್ಲಿ ಕೊಡುವ ನಂಬರು ಮನೆಯಲ್ಲಿ ನೆಟ್‌ವರ್ಕ್ ಹಿಡಿಯುವ ಕಂಪನಿಯದ್ದಾಗಿರಲಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ನಂಬರು ಕೊಟ್ಟು, ಬಂದ ಮೂರು ಕರೆಯೂ ತಪ್ಪಿ, ‘ಅರ್ಜಿದಾರರು ಸಿಗಲಿಲ್ಲ’ ಎಂಬ ವರದಿ ಹೋಗುವುದು ಹೊಸತೇನಲ್ಲ. ಪರಿಚಯ ಹೇಳುವ ಇಬ್ಬರು ಅಕ್ಕಪಕ್ಕದವರ ಹೆಸರು, ಫೋನ್ ಕೂಡ ಸಿದ್ಧವಿರಲಿ. ಒಂಟಿಮನೆಯವರಿಗೆ ಅಕ್ಕಪಕ್ಕ ಎಂದರೆ ಒಂದು ಕಿಲೋಮೀಟರು ಆಚೆಯ ಮನೆಯಾದರೂ ಸರಿಯೇ.

ಇನ್ನೊಂದು ವಿಷಯವನ್ನು ಮಲೆನಾಡಿನಲ್ಲಿ ಮುಚ್ಚಿಡುವಂತಿಲ್ಲ: ಅರಣ್ಯ ಒತ್ತುವರಿಯ ಕೇಸುಗಳು. ಅರ್ಜಿಯಲ್ಲಿ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ ಎಂಬ ಪ್ರಶ್ನೆ ಇದೆ. ‘ಅದು ಜಮೀನಿನ ವಿಷಯ, ಕಳ್ಳತನವಲ್ಲವಲ್ಲ’ ಎಂದು ‘ಇಲ್ಲ’ ಒತ್ತುವವರಿದ್ದಾರೆ. ಅರಣ್ಯ ಕಾಯ್ದೆಯಡಿ ನ್ಯಾಯಾಲಯದಲ್ಲಿ ನಡೆಯುತ್ತಿರುವ ಕೇಸೂ ಕ್ರಿಮಿನಲ್ ಪ್ರಕರಣವೇ. ಪಾಸ್‌ಪೋರ್ಟ್ ಕಾಯ್ದೆ 1967ರ 6(2)(ಎಫ್) ಪ್ರಕಾರ ಇಂಥವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ದಾರಿ ಇಲ್ಲದಿಲ್ಲ. 1993ರ ಆಗಸ್ಟ್ 25ರ ಅಧಿಸೂಚನೆಯಂತೆ, ಕೇಸು ನಡೆಯುತ್ತಿರುವ ನ್ಯಾಯಾಲಯವೇ ವಿದೇಶಕ್ಕೆ ಹೋಗಲು ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಮಾತ್ರ. ಒಂದು ವರ್ಷದ ಪಾಸ್‌ಪೋರ್ಟಿನಲ್ಲಿ ಹಡಗಿನವರ 6 ತಿಂಗಳ ಲೆಕ್ಕ ಕಳೆದರೆ ಉಳಿಯುವುದು ಆರೇ ತಿಂಗಳು. ಆದ್ದರಿಂದ ವಕೀಲರು ಅರ್ಜಿ ಹಾಕುವಾಗಲೇ ಅವಧಿಯನ್ನು ಸ್ಪಷ್ಟವಾಗಿ ಕೇಳಿಕೊಳ್ಳಲಿ. ಮುಚ್ಚಿಟ್ಟದ್ದು ಪೊಲೀಸ್ ವರದಿಯಲ್ಲಿ ಹೊರಬಂದರೆ ಕಡತ ನಿಲ್ಲುತ್ತದೆ, ದಂಡವೂ ಬೀಳುತ್ತದೆ.

ಅರ್ಜಿಯಿಂದ ಕೌಂಟರಿನವರೆಗೆ

ಅರ್ಜಿ ಹಾಕುವುದು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್‌ಇಂಡಿಯಾ.ಗವ್.ಇನ್ ತಾಣದಲ್ಲಿ, ಇಲ್ಲವೇ ಎಂಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲಿ. ಹುಡುಕಿದಾಗ ಮೇಲೆ ಬರುವ, ಹೆಚ್ಚು ದುಡ್ಡು ಕೇಳುವ, ಅದನ್ನೇ ಹೋಲುವ ಬೇರೆ ತಾಣಗಳು ಬೇಕಾದಷ್ಟಿವೆ, ‘ಗವ್.ಇನ್’ ಇಲ್ಲದ್ದನ್ನು ಮುಚ್ಚಿಬಿಡಿ. ಅರ್ಜಿ ಪ್ರತಿಯೊಬ್ಬರಿಗೂ ಬೇರೆ, ಶುಲ್ಕವೂ ಬೇರೆ. 36 ಪುಟದ್ದಕ್ಕೆ ದೊಡ್ಡವರಿಗೆ 1500 ರೂಪಾಯಿ, 18ರ ಒಳಗಿನವರಿಗೆ 1000. ಹೊಸ ಪಾಸ್‌ಪೋರ್ಟಿಗೆ 8 ವರ್ಷದೊಳಗಿನ ಮಕ್ಕಳಿಗೂ 60 ದಾಟಿದವರಿಗೂ ಶೇ. 10 ರಿಯಾಯಿತಿ. 60 ಪುಟದ್ದು 2000 ರೂಪಾಯಿ; ವರ್ಷಕ್ಕೊಂದು ಪ್ರವಾಸ ಮಾಡುವ ಮನೆಗೆ ಅದು ಬೇಕಿಲ್ಲ.

15ರಿಂದ 18ರೊಳಗಿನ ಮಕ್ಕಳಿಗೆ ಒಂದು ಆಯ್ಕೆ ಇದೆ: 18 ತುಂಬುವವರೆಗಿನ ಪಾಸ್‌ಪೋರ್ಟ್, ಅಥವಾ 1500 ರೂಪಾಯಿ ಕಟ್ಟಿ ಪೂರಾ 10 ವರ್ಷದ್ದು. 16ರ ಹುಡುಗಿಗೆ 500 ರೂಪಾಯಿ ಉಳಿಸಲು ಹೋದರೆ ಸಿಗುವುದು ಎರಡು ವರ್ಷದ ಪಾಸ್‌ಪೋರ್ಟ್, ಅದರಲ್ಲೂ ಕೊನೆಯ ಆರು ತಿಂಗಳು ಉಪಯೋಗಕ್ಕೆ ಬಾರದು. 10 ವರ್ಷದ್ದನ್ನೇ ತೆಗೆದುಕೊಳ್ಳಿ. ಅಪ್ಪ, ಅಮ್ಮ, 16ರ ಮಗಳು, 6ರ ಮಗ, 68ರ ಅಜ್ಜಿ ಇರುವ ಮನೆಗೆ ಹೀಗೆ ಒಟ್ಟು 6750 ರೂಪಾಯಿ ಆಗುತ್ತದೆ.

ದುಡ್ಡು ಕಟ್ಟಿದ ಮೇಲೆ ಅಪಾಯಿಂಟ್‌ಮೆಂಟ್. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದದ್ದು 2017ರ ಜನವರಿಯಲ್ಲಿ, ಮೊದಲನೆಯವುಗಳಲ್ಲಿ ಮೈಸೂರಿನದೂ ಒಂದು. ಶಿವಮೊಗ್ಗದ್ದೂ ಅದೇ ಬಗೆಯದು. ಸ್ಲಾಟ್ ಸಿಗದಿದ್ದರೆ ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ದೊಡ್ಡ ಕೇಂದ್ರಗಳನ್ನು ಆರಿಸಿಕೊಳ್ಳಬಹುದು, ವಿಳಾಸ ಶಿವಮೊಗ್ಗ ಜಿಲ್ಲೆಯದ್ದಿದ್ದರೂ ಅಡ್ಡಿಯಿಲ್ಲ. ಜೂನ್–ಜುಲೈನಲ್ಲಿ ಮಂಗಳೂರು ಆರಿಸುವವರು ಆಗುಂಬೆ, ಹುಲಿಕಲ್ ಘಾಟಿಗಳ ಸ್ಥಿತಿ ವಿಚಾರಿಸಿಕೊಂಡು ಹೊರಡಲಿ. ಅಪಾಯಿಂಟ್‌ಮೆಂಟ್ ಬದಲಿಸಲು ಒಂದು ವರ್ಷದೊಳಗೆ ಮೂರೇ ಅವಕಾಶ.

ಹೋಗುವಾಗ ಎಲ್ಲ ಮೂಲ ದಾಖಲೆ, ಒಂದೊಂದು ಜೆರಾಕ್ಸ್. ಫೋಟೊ ಅಲ್ಲೇ ತೆಗೆಯುತ್ತಾರೆ. ಹಿಂದಿನ ಪರದೆ ಬಿಳಿ, ಹಾಗಾಗಿ ಬಿಳಿ ಅಂಗಿ-ಪಂಚೆಯವರು ಅಂದೊಂದು ದಿನ ಬಣ್ಣದ ಅಂಗಿ ತೊಟ್ಟರೆ ಮುಖ ಎದ್ದು ಕಾಣುತ್ತದೆ. ಕನ್ನಡಕ ತೆಗೆಯಬೇಕು. ನಾಲ್ಕು ವರ್ಷದೊಳಗಿನ ಮಕ್ಕಳದ್ದು ಮಾತ್ರ ಬಿಳಿ ಹಿನ್ನೆಲೆಯ, 4.5 × 3.5 ಸೆಂ.ಮೀ. ಫೋಟೊ ನೀವೇ ಒಯ್ಯಬೇಕು. ಬೆರಳಚ್ಚು ಯಂತ್ರ ಅಡಿಕೆ ಸುಲಿದ ಕೈಯನ್ನು ಸುಲಭಕ್ಕೆ ಒಪ್ಪುವುದಿಲ್ಲ, ಚೊಗರಿನ ಕಲೆ, ಸವೆದ ಗೆರೆ. ಹಿಂದಿನ ಎರಡು-ಮೂರು ದಿನ ಸುಲಿಗೆಗೆ ರಜೆ ಕೊಟ್ಟು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಹೋಗುವಾಗ ಸೋಪು ಹಾಕಿ ತೊಳೆಯಿರಿ.

ಪರದೆಯ ಮೇಲೆ ನಿಮ್ಮ ವಿವರ ತೋರಿಸಿದಾಗ ತಲೆಯಾಡಿಸಿಬಿಡಬೇಡಿ. ಹೆಸರಿನ ಒಂದೊಂದು ಅಕ್ಷರ, ತಂದೆ-ತಾಯಿಯ ಹೆಸರು, ತಾರೀಕು, ಪಿನ್ ಕೋಡ್ ಓದಿ. ಅಲ್ಲಿ ತಿದ್ದುವುದು ಅರ್ಧ ನಿಮಿಷದ ಕೆಲಸ. ಅಚ್ಚಾದ ಮೇಲೆ ತಿದ್ದಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಅಂಚೆ ಕಚೇರಿಯ ಕೇಂದ್ರದಲ್ಲಿ ದಾಖಲೆ ತೆಗೆದುಕೊಂಡರೂ ಅಂತಿಮ ನಿರ್ಧಾರ ಬೆಂಗಳೂರಿನ ಕೋರಮಂಗಲದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯದ್ದು. ಆದ್ದರಿಂದ ಕೌಂಟರಿನಲ್ಲಿ ‘ಆಯ್ತು’ ಎಂದದ್ದಕ್ಕೆ ಮನೆಗೆ ಬಂದು ಮರೆಯಬೇಡಿ, ಕಡತದ ಸಂಖ್ಯೆ ಹಾಕಿ ವಾರಕ್ಕೊಮ್ಮೆ ಸ್ಥಿತಿ ನೋಡುತ್ತಿರಿ. ಉಚಿತ ಸಹಾಯವಾಣಿ 1800-258-1800.

ಸರ್ಕಾರಿ ಶಾಲೆಯ ಮೇಷ್ಟ್ರು, ಇಲಾಖೆಯ ನೌಕರರು ಮೇಲಧಿಕಾರಿಗೆ ಮುಂಚಿತವಾಗಿ ತಿಳಿಸಿದ ಪತ್ರದ ಪ್ರತಿಯನ್ನು (ಅನುಬಂಧ ಎಚ್) ಒಯ್ದರೆ ಸಾಕು, ನಿರಾಕ್ಷೇಪಣಾ ಪತ್ರಕ್ಕೆ ಕಾಯಬೇಕಿಲ್ಲ. ಆದರೆ ಪ್ರವಾಸಕ್ಕೆ ಇಲಾಖೆಯ ಅನುಮತಿ ಪ್ರತ್ಯೇಕ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಎಂಬ ಮುದ್ರೆ ಬೀಳುತ್ತದೆ. 50 ದಾಟಿದವರಿಗೂ 18ರೊಳಗಿನವರಿಗೂ ಅದಿಲ್ಲ. ಬಿದ್ದರೂ ಹೆದರಬೇಕಿಲ್ಲ, ಅದು ಕೆಲವು ದೇಶಗಳಿಗೆ ಕೂಲಿ-ನೌಕರಿಗೆ ಹೋಗುವವರ ರಕ್ಷಣೆಗೆ ಇರುವುದು, ವಾಪಸ್ ಟಿಕೆಟ್ ಹಿಡಿದು ಹೋಗುವ ಪ್ರವಾಸಿಗಲ್ಲ.

ಮಕ್ಕಳದ್ದು ಆಮೇಲೆ

ಸಮಯವಿದ್ದರೆ ಎಲ್ಲರದ್ದೂ ಒಟ್ಟಿಗೆ ಹಾಕಬೇಡಿ. ಮೊದಲು ಗಂಡ-ಹೆಂಡತಿ ಇಬ್ಬರೂ ಪರಸ್ಪರರ ಹೆಸರು ನಮೂದಾದ ಪಾಸ್‌ಪೋರ್ಟ್ ಪಡೆಯಿರಿ. ಹಾಗಿದ್ದರೆ ಮಕ್ಕಳ ಅರ್ಜಿಗೆ ಸಾಮಾನ್ಯವಾಗಿ ಪೊಲೀಸ್ ವಿಚಾರಣೆ ಇಲ್ಲ, ಪಾಸ್‌ಪೋರ್ಟ್ ಬೇಗ ಬರುತ್ತದೆ. ವಿಳಾಸಕ್ಕೂ ತಂದೆ-ತಾಯಿಯ ಪಾಸ್‌ಪೋರ್ಟೇ ದಾಖಲೆಯಾಗುತ್ತದೆ. ಇಬ್ಬರೂ ಸಹಿ ಮಾಡಿದ ಘೋಷಣಾ ಪತ್ರ (ಅನುಬಂಧ ಡಿ) ಬೇಕು, ಅದನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ ಸಹಿ ಹಾಕಿದರೆ ಆಯಿತು. ಛಾಪಾ ಕಾಗದ, ನೋಟರಿ ಎಂದು ತಾಲ್ಲೂಕು ಕಚೇರಿಯೆದುರು ದುಡ್ಡು ತೆರುವುದು 2016ರ ಡಿಸೆಂಬರಿನ ಬದಲಾವಣೆಯ ನಂತರ ಅನಗತ್ಯ. ಒಬ್ಬರೇ ಪೋಷಕರಿದ್ದರೆ ಅಥವಾ ಇನ್ನೊಬ್ಬರ ಒಪ್ಪಿಗೆ ಸಿಗದಿದ್ದರೆ ಅನುಬಂಧ ಸಿ.

ತತ್ಕಾಲ್ ಇದೆಯಲ್ಲ ಎಂಬ ಧೈರ್ಯ ಹಲವರಿಗೆ. ತಲೆಗೆ 2000 ರೂಪಾಯಿ ಹೆಚ್ಚು, ಐದು ಜನರಿಗೆ 10,000. ಅದು ಪೊಲೀಸ್ ವಿಚಾರಣೆಯನ್ನು ಪಾಸ್‌ಪೋರ್ಟ್ ಕೊಟ್ಟ ನಂತರಕ್ಕೆ ತಳ್ಳಬಹುದೇ ಹೊರತು ಹೊಂದಿಕೆಯಾಗದ ಹೆಸರನ್ನು ಹೊಂದಿಸುವುದಿಲ್ಲ. ದಾಖಲೆಗಳನ್ನು ಅಲ್ಲಿ ಇನ್ನೂ ಬಿಗಿಯಾಗಿ ನೋಡುತ್ತಾರೆ. ಕಾಗದ ಸರಿಯಿದ್ದು ಕಾಲ ಕಡಿಮೆಯಿದ್ದವರಿಗೆ ಮಾತ್ರ ತತ್ಕಾಲ್.

ಮೇ ತಿಂಗಳ ಹಡಗಿಗೆ ಲೆಕ್ಕ ಹಿಂದಿನಿಂದ ಹಾಕಿ. ವೀಸಾಕ್ಕೆ ಏಪ್ರಿಲ್ ಬಿಡಬೇಕು. ಹಾಗಾದರೆ ಮಕ್ಕಳ ಪಾಸ್‌ಪೋರ್ಟ್ ಮಾರ್ಚ್ ಮಧ್ಯಕ್ಕೆ, ದೊಡ್ಡವರದ್ದು ಫೆಬ್ರವರಿಗೆ ಕೈಯಲ್ಲಿರಬೇಕು. ಅಪಾಯಿಂಟ್‌ಮೆಂಟ್ ಜನವರಿ ಮೊದಲ ವಾರದಲ್ಲಿ. ಆಧಾರ್, ಪ್ಯಾನ್ ತಿದ್ದುಪಡಿ ನವೆಂಬರ್–ಡಿಸೆಂಬರಿನಲ್ಲಿ. ಕೊಯ್ಲಿನ ಗಡಿಬಿಡಿಯಲ್ಲಿ ಇದೆಲ್ಲಿ ಎನ್ನಬಹುದು. ಆದರೆ ಪೊಲೀಸರು ಬಂದಾಗ ಮನೆಮಂದಿಯೆಲ್ಲ ಅಂಗಳದಲ್ಲೇ ಸಿಗುವ ಕಾಲವೂ ಅದೇ. ಮಳೆಗಾಲಕ್ಕೆ ಹಾಕಿದರೆ ಸ್ಪೀಡ್ ಪೋಸ್ಟ್ ಕೂಡ ಹೊಳೆ ಇಳಿಯುವುದನ್ನು ಕಾಯುವ ಊರುಗಳಿವೆ. ಲಕೋಟೆ ಬಟವಾಡೆಯಾಗದೆ ಹಿಂತಿರುಗಿದರೆ ಅದು ಸೇರುವುದು ಬೆಂಗಳೂರಿಗೆ, ಹಾಗಾಗಿ ಸ್ಪೀಡ್ ಪೋಸ್ಟ್ ಸಂಖ್ಯೆ ಬಂದ ಕೂಡಲೇ ಪೋಸ್ಟ್‌ಮನ್‌ಗೆ ಒಂದು ಮಾತು ಹೇಳಿಡಿ.

ಕೈಗೆ ಬಂದ ಮೇಲೆ

ಲಕೋಟೆ ಒಡೆದ ಕೂಡಲೇ ಮತ್ತೊಮ್ಮೆ ಎಲ್ಲ ಅಕ್ಷರ ಓದಿ, ಸಹಿ ಹಾಕಬೇಕಾದಲ್ಲಿ ಹಾಕಿ. ಹಡಗಿನ ಬುಕಿಂಗ್, ವಿಮಾನದ ಟಿಕೆಟ್, ವೀಸಾ ಮೂರರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಲಿ.

ಹಡಗಿನ ಪ್ರವಾಸಕ್ಕೆಂದೇ ಇರುವ ಒಂದು ಬಲೆ ವೀಸಾದಲ್ಲಿದೆ. ಸಿಂಗಪುರಕ್ಕೆ ವಿಮಾನದಲ್ಲಿ ಹೋಗುವುದು ಒಂದು ಪ್ರವೇಶ. ಹಡಗು ಹತ್ತಿ ಪೆನಾಂಗ್, ಫುಕೆಟ್ ಕಡೆ ಹೊರಟರೆ ಸಿಂಗಪುರ ಬಿಟ್ಟಂತೆ. ಮೂರು ದಿನದ ನಂತರ ಅದೇ ಹಡಗಿನಲ್ಲಿ ಮರಳಿದರೆ ಎರಡನೆಯ ಪ್ರವೇಶ. ದುಬೈಯಿಂದ ಮಸ್ಕತ್, ದೋಹಾ ಸುತ್ತಿ ಮರಳಿದರೂ ಹಾಗೇ. ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹೊರಡುವಾಗಲೇ ಹಡಗಿನ ಕೌಂಟರಿನಲ್ಲಿ ತಡೆಯುತ್ತಾರೆ, ಕಟ್ಟಿದ ದುಡ್ಡು ಹೋದಂತೆಯೇ. ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆದ ಷೆಂಗೆನ್ ವೀಸಾದಲ್ಲಿ ಬಾರ್ಸಿಲೋನಾ, ಮಾರ್ಸೆ, ಜಿನೋವಾ ಸುತ್ತಿದರೆ ಒಂದೇ ಪ್ರವೇಶ. ನಡುವೆ ಟರ್ಕಿಯದೋ ಟುನೀಷಿಯಾದ್ದೋ ಬಂದರು ಸೇರಿಕೊಂಡರೆ ಬಹುಪ್ರವೇಶದ ವೀಸಾ ಬೇಕು. ವೀಸಾ ಅರ್ಜಿಯ ಜೊತೆ ಹಡಗು ಮುಟ್ಟುವ ಬಂದರುಗಳ ಪಟ್ಟಿಯನ್ನು ತಾರೀಕು ಸಮೇತ ಲಗತ್ತಿಸಿ. ಷೆಂಗೆನ್‌ಗೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ನೀವು ಬಂದರಿನಲ್ಲಿ ಇಳಿಯದೆ ಹಡಗಿನಲ್ಲೇ ಕೂರುವುದಾದರೂ ಆ ದೇಶದ ವೀಸಾ ಕೇಳುವ ಮಾರ್ಗಗಳಿವೆ, ಕಂಪನಿಯಿಂದ ಇದನ್ನು ಬರಹದಲ್ಲಿ ಕೇಳಿ ತರಿಸಿಕೊಳ್ಳಿ.

ಕೆಲವು ಮಾರ್ಗಗಳಲ್ಲಿ ಹಡಗು ಹತ್ತುವಾಗಲೇ ಪಾಸ್‌ಪೋರ್ಟ್ ಇಸಿದುಕೊಂಡು ಕೊನೆಯ ದಿನ ಕೊಡುತ್ತಾರೆ, ಅದು ರೂಢಿ. ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟಗಳ ಎರಡು ಸೆಟ್ ಜೆರಾಕ್ಸ್ ಕೈಚೀಲದಲ್ಲಿರಲಿ, ಫೋನಿನಲ್ಲೂ ಇರಲಿ.

ಪ್ರವಾಸ ಮುಗಿಸಿ ಬಂದ ಮೇಲೆ ಪಾಸ್‌ಪೋರ್ಟುಗಳು ಮಲೆನಾಡಿನ ಮಳೆಗಾಲವನ್ನು ದಾಟಬೇಕು. ಮರದ ಕಪಾಟಿನಲ್ಲಿ ಬಟ್ಟೆಯ ಕೆಳಗಿಟ್ಟರೆ ಆಗಸ್ಟ್ ಹೊತ್ತಿಗೆ ಬೂಸು ಹಿಡಿಯುತ್ತದೆ, ಹಾಳೆಗಳು ಅಂಟಿಕೊಳ್ಳುತ್ತವೆ. ಹಾಳಾದ ಪಾಸ್‌ಪೋರ್ಟ್ ಬದಲಿಸಲು ದೊಡ್ಡವರಿಗೆ 3000 ರೂಪಾಯಿ, ಅಂದರೆ ಹೊಸದರ ಇಮ್ಮಡಿ. ಈಗ ಬರುತ್ತಿರುವ ಇ-ಪಾಸ್‌ಪೋರ್ಟಿನ ರಕ್ಷಾಪುಟದಲ್ಲಿ ಚಿಪ್ ಇರುವುದರಿಂದ ಮಡಚುವುದು, ಲ್ಯಾಮಿನೇಷನ್ ಮಾಡಿಸುವುದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುವುದು ಯಾವುದೂ ಕೂಡದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಾಳೆ ತಿರುವುವುದು. ಡಬ್ಬಿಯ ಮುಚ್ಚಳದ ಒಳಮೈಗೆ ಐದೂ ಪಾಸ್‌ಪೋರ್ಟಿನ ಅವಧಿ ಮುಗಿಯುವ ತಾರೀಕು ಬರೆದ ಚೀಟಿ ಅಂಟಿಸಿಡಿ, ಮಗನದ್ದು ಎಲ್ಲಕ್ಕಿಂತ ಮೇಲೆ.